ಯಕೃತ್ತಿನ ಕಾವಲುಕೋಶಗಳು: ಹುಟ್ಟು, ನೆಲೆ, ಮುಗಿಯದ ವಾದ

ಹೆಪಟೈಟಿಸ್ ಬಿ ವೈರಸ್ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುವುದುಂಟು. ಹಾಗೆ ಸೋಂಕು ತಗುಲಿದ ಹತ್ತು ಕೂಸುಗಳಲ್ಲಿ ಸುಮಾರು ಒಂಬತ್ತರ ಮೈಯಲ್ಲಿ ವೈರಸ್ ದಶಕಗಟ್ಟಲೆ ಉಳಿದುಬಿಡುತ್ತದೆ. ಅದೇ ವೈರಸ್ ಆರೋಗ್ಯವಂತ ವಯಸ್ಕರಿಗೆ ತಗುಲಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಕೆಲವು ತಿಂಗಳು ಕಾಮಾಲೆ, ಸುಸ್ತು ಅನುಭವಿಸಿ, ಇಲ್ಲವೇ ಏನೂ ಗೊತ್ತಾಗದೆಯೇ, ಅದನ್ನು ಹತ್ತಿಕ್ಕಿಬಿಡುತ್ತಾರೆ. ಎರಡೂ ಕಡೆ ಇರುವುದು ಒಂದೇ ವೈರಸ್, ಅದು ಹೊಕ್ಕುವ ಯಕೃತ್ಕೋಶವೂ ಒಂದೇ ಬಗೆಯದು. ಈ ವೈರಸ್ ತಾನು ಹೊಕ್ಕ ಕೋಶವನ್ನು ನೇರವಾಗಿ ಕೊಲ್ಲುವುದೂ ಇಲ್ಲ. ಯಕೃತ್ತಿಗೆ ಆಗುವ ಹಾನಿಯ ಬಹುಪಾಲು ನಮ್ಮದೇ ಪ್ರತಿರಕ್ಷಾ ಕೋಶಗಳ ಕೆಲಸ. ಹಾಗಾದರೆ ಕೂಸಿನ ಯಕೃತ್ತಿನಲ್ಲಿ ಸುಮ್ಮನಿದ್ದು, ದೊಡ್ಡವರ ಯಕೃತ್ತಿನಲ್ಲಿ ಸಿಡಿದೇಳುವ ಆ ಕೋಶಗಳು ಯಾವುವು?

ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಯಕೃತ್ತಿನ ಮೂಲಕ ಹರಿಯುತ್ತದೆ. ಅದರಲ್ಲಿ ಮುಕ್ಕಾಲು ಭಾಗ ಕರುಳಿನ ಕಡೆಯಿಂದ ಪೋರ್ಟಲ್ ನಾಳದ ಮೂಲಕ ಬರುವಂಥದ್ದು. ಉಂಡ ಅನ್ನದ ಅಂಶ, ಬ್ಯಾಕ್ಟೀರಿಯಾಗಳ ತುಣುಕು, ಕೆಲವೊಮ್ಮೆ ಜೀವಂತ ಬ್ಯಾಕ್ಟೀರಿಯಾಗಳೂ ಅದರಲ್ಲಿ ಇರುತ್ತವೆ. ಇವೆಲ್ಲದರ ಮೇಲೂ ಯುದ್ಧ ಸಾರಿದರೆ ಯಕೃತ್ತು ಉಳಿಯದು, ಯಾವುದನ್ನೂ ತಡೆಯದಿದ್ದರೆ ಮನುಷ್ಯ ಉಳಿಯನು. ಹಾಗಾಗಿ ಯಾವ ಕೋಶ ಯಾವಾಗ ಸಹಿಸುತ್ತದೆ, ಯಾವಾಗ ಎರಗುತ್ತದೆ ಎಂಬ ಪ್ರಶ್ನೆ ಇಲ್ಲಿ ಬೇರೆ ಯಾವ ಅಂಗಕ್ಕಿಂತಲೂ ತೀವ್ರವಾಗಿದೆ. ಕಳೆದ ಹದಿನೈದು ವರ್ಷಗಳಲ್ಲಿ ಈ ಕೋಶಗಳ ಬಗೆಗಳ ಪಟ್ಟಿ ಬೆಳೆಯುತ್ತಲೇ ಹೋಗಿದೆ. ಪಟ್ಟಿ ಬೆಳೆದಷ್ಟು ವೇಗದಲ್ಲಿ ತಿಳಿವಳಿಕೆ ಬೆಳೆದಿಲ್ಲ. ಒಂದು ಕೋಶದ ನಡತೆಯನ್ನು ಅದಕ್ಕೆ ನಾವಿಟ್ಟ ಹೆಸರಿಗಿಂತ ಅದು ನಿಂತ ಜಾಗ ಮತ್ತು ಅದು ಹಿಂದೆ ಕಂಡುಂಡದ್ದು ಹೆಚ್ಚು ನಿರ್ಧರಿಸುತ್ತವೆ ಎಂಬುದು ಈ ಸಂಶೋಧನೆಗಳನ್ನು ಒಟ್ಟಿಗಿಟ್ಟು ಓದಿದಾಗ ನನಗೆ ಮೂಡಿದ ಅಭಿಪ್ರಾಯ.

ಕುಪ್ಫರ್ ಕಂಡ ನಕ್ಷತ್ರಗಳು

1876ರಲ್ಲಿ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ ಯಕೃತ್ತಿನ ನರತಂತುಗಳನ್ನು ಹುಡುಕುತ್ತಿದ್ದರು. ಚಿನ್ನದ ಕ್ಲೋರೈಡಿನ ಬಣ್ಣ ಹಾಕಿದಾಗ ನರಗಳ ಬದಲು ನಕ್ಷತ್ರದ ಆಕಾರದ ಕೋಶಗಳು ಕಂಡವು. ಎರಡು ದಶಕಗಳ ನಂತರ, ರಕ್ತಕ್ಕೆ ಸೇರಿಸಿದ ಕಣಗಳನ್ನು ನುಂಗುವ ಕೋಶಗಳು ಯಕೃತ್ತಿನಲ್ಲಿ ಕಂಡಾಗ, ಇವೂ ಅವೇ ನಕ್ಷತ್ರ ಕೋಶಗಳು, ರಕ್ತನಾಳದ ಒಳಗೋಡೆಯ ಭಾಗ ಎಂದು ಅವರು ತೀರ್ಮಾನಿಸಿದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಪೋಲೆಂಡಿನ ಕ್ರಾಕೊವ್‌ನಲ್ಲಿದ್ದ ರೋಗಶಾಸ್ತ್ರಜ್ಞ ತಡೇಉಷ್ ಬ್ರೊವಿಚ್ ಈ ನುಂಗುವ ಕೋಶಗಳನ್ನು ಸರಿಯಾಗಿ ವಿವರಿಸಿದ್ದರು. ಹೆಸರು ಮಾತ್ರ ಕುಪ್ಫರ್ ಅವರದೇ ನಿಂತಿತು. ಚಿನ್ನದ ಬಣ್ಣ ಹಿಡಿದ ಮೂಲ ನಕ್ಷತ್ರಗಳು ವಿಟಮಿನ್ ಎ ಕೂಡಿಡುವ ಬೇರೆಯೇ ಕೋಶಗಳು ಎಂದು ಜಪಾನಿನ ಕೆಂಜಿರೊ ವಾಕೆ ತೋರಿಸಿದ್ದು 1971ರಲ್ಲಿ, ಅಂದರೆ ಸುಮಾರು ನೂರು ವರ್ಷ ಕಳೆದ ಮೇಲೆ. ಈ ನಕ್ಷತ್ರ ಕೋಶಗಳೇ ಕೆರಳಿದಾಗ ಯಕೃತ್ತಿನಲ್ಲಿ ನಾರು ನೇಯುತ್ತವೆ. ಅದು ಹೆಚ್ಚಾದರೆ ಸಿರೋಸಿಸ್.

ಕುಪ್ಫರ್ ಕೋಶವೆಂದು ಇಂದು ನಾವು ಕರೆಯುವುದು ಯಕೃತ್ತಿನಲ್ಲೇ ನೆಲೆಸಿದ ಮ್ಯಾಕ್ರೋಫೇಜ್ ಅನ್ನು. ದೇಹದ ಅಂಗಾಂಶಗಳಲ್ಲಿ ನೆಲೆನಿಂತ ಮ್ಯಾಕ್ರೋಫೇಜ್‌ಗಳಲ್ಲಿ ಸಿಂಹಪಾಲು ಇವುಗಳದು. ಸೈನುಸಾಯ್ಡ್ ಎಂಬ ಕಿರುನಾಳಗಳ ಒಳಗೇ ಕುಳಿತು ಹರಿಯುವ ರಕ್ತದಿಂದ ಬ್ಯಾಕ್ಟೀರಿಯಾ, ಮುದಿ ಕೆಂಪು ಕಣಗಳನ್ನು ಸೆಳೆದುಕೊಳ್ಳುತ್ತವೆ. ಆ ನಾಳಗಳ ಒಳಗೋಡೆಗೆ ಜರಡಿಯಂತೆ ತೂತುಗಳಿವೆ ಎಂದು 1970ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದವರು ಎಡ್ಡಿ ವಿಸ್ಸೆ. ಅವರ ತಂಡವೇ 1976ರಲ್ಲಿ ಇಲಿಯ ಯಕೃತ್ತಿನಲ್ಲಿ ಕಾಳುಕಾಳಾದ ಒಡಲಿನ ‘ಪಿಟ್’ ಕೋಶವನ್ನೂ ಗುರುತಿಸಿತು. ಅದು ಎನ್‌ಕೆ ಕೋಶ, ಅಂದರೆ ಮೊದಲೇ ಪರಿಚಯವಿಲ್ಲದಿದ್ದರೂ ಕೆಟ್ಟ ಕೋಶವನ್ನು ಕೊಲ್ಲಬಲ್ಲ ಲಿಂಫೋಸೈಟ್ ಎಂದು ತಿಳಿದದ್ದು ಆಮೇಲೆ.

ಹುಟ್ಟಿನ ವಾದ

ಕುಪ್ಫರ್ ಕೋಶ ಎಲ್ಲಿ ಹುಟ್ಟುತ್ತದೆ? ಅರ್ಧ ಶತಮಾನ ಎಳೆದ ಜಗಳ ಇದು. ಲೈಡನ್ನಿನ ರಾಲ್ಫ್ ಫಾನ್ ಫರ್ತ್ ಮತ್ತು ನ್ಯೂಯಾರ್ಕಿನ ಜಾನ್ವಿಲ್ ಕೋನ್ 1968ರಲ್ಲಿ ಒಂದು ಸರಳ ಚಿತ್ರ ಕೊಟ್ಟರು: ಅಸ್ಥಿಮಜ್ಜೆಯಲ್ಲಿ ಮೊನೊಸೈಟ್ ಹುಟ್ಟುತ್ತದೆ, ರಕ್ತದಲ್ಲಿ ಹರಿದು ಅಂಗಾಂಶಕ್ಕೆ ಇಳಿದು ಮ್ಯಾಕ್ರೋಫೇಜ್ ಆಗುತ್ತದೆ. ಈ ನೋಟ ಪಠ್ಯಪುಸ್ತಕಗಳಲ್ಲಿ ನಲವತ್ತು ವರ್ಷ ರಾಜ್ಯವಾಳಿತು.

2010ರ ನಂತರ, ಭ್ರೂಣದ ಕೋಶಗಳಿಗೆ ತಳಿಗುರುತು ಹಾಕಿ ಅವುಗಳ ಸಂತತಿಯನ್ನು ಹಿಂಬಾಲಿಸುವ ವಿಧಾನ ಪಳಗಿದಾಗ ಚಿತ್ರ ಬದಲಾಯಿತು. ಇಲಿಗಳಲ್ಲಿ ಮಿದುಳಿನ ಮೈಕ್ರೋಗ್ಲಿಯಾ, ಯಕೃತ್ತಿನ ಕುಪ್ಫರ್ ಕೋಶಗಳು ಅಸ್ಥಿಮಜ್ಜೆ ರೂಪುಗೊಳ್ಳುವ ಮೊದಲೇ ಭ್ರೂಣದ ಹಳದಿ ಚೀಲದಿಂದ ಹೊರಟು, ನೆಲೆ ಸೇರಿ, ಅಲ್ಲೇ ತಮ್ಮ ಸಂಖ್ಯೆಯನ್ನು ಕಾಯ್ದುಕೊಳ್ಳುತ್ತವೆ ಎಂದು ಒಂದಾದ ಮೇಲೊಂದು ತಂಡ ತೋರಿಸಿತು. ಆರೋಗ್ಯವಂತ ಪ್ರಾಯದ ಇಲಿಯಲ್ಲಿ ರಕ್ತದ ಮೊನೊಸೈಟ್‌ಗಳಿಗೆ ಆ ನೆಲೆಯಲ್ಲಿ ಹೆಚ್ಚಿನ ಪಾಲಿಲ್ಲ. ಹಾಗಾಗಿ ಹುಟ್ಟೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ಪಂಥಕ್ಕೆ ಬಲ ಬಂತು.

ಬೆಲ್ಜಿಯಂನ ಗೆಂಟ್‌ನಿಂದ 2016ರಲ್ಲಿ ಬಂದ ಪ್ರಯೋಗ ಇದಕ್ಕೆ ತಡೆಯೊಡ್ಡಿತು. ಕುಪ್ಫರ್ ಕೋಶಗಳನ್ನಷ್ಟೇ ಕೊಲ್ಲುವಂತೆ ರೂಪಿಸಿದ ಇಲಿಗಳಲ್ಲಿ ನೆಲೆಯನ್ನು ಖಾಲಿ ಮಾಡಿದರು. ಕೆಲವೇ ದಿನಗಳಲ್ಲಿ ರಕ್ತದ ಮೊನೊಸೈಟ್‌ಗಳು ಬಂದು ಕುಳಿತವು, ವಾರಗಳು ಕಳೆದಂತೆ ನಡೆಯಲ್ಲಿ ನುಡಿಯಲ್ಲಿ ಹಳೆಯ ಕುಪ್ಫರ್ ಕೋಶಗಳಿಗೆ ಬಹುಮಟ್ಟಿಗೆ ಸರಿಸಾಟಿಯಾದವು, ತಾವೇ ವಿಭಜನೆಗೊಂಡು ಉಳಿದುಕೊಂಡವು. ಅಂದರೆ ಮೊನೊಸೈಟ್‌ಗೆ ಆ ಯೋಗ್ಯತೆ ಇದ್ದೇ ಇತ್ತು, ಜಾಗ ಇರಲಿಲ್ಲ ಅಷ್ಟೆ. ಇಲಿಯ ಪ್ರಯೋಗದ ಈ ಮಾತಿಗೆ ಮನುಷ್ಯರಲ್ಲೂ ಒತ್ತಾಸೆಯಿದೆ: ಕಸಿ ಮಾಡಿದ ಯಕೃತ್ತಿನಲ್ಲಿ ದಾನಿಯ ಮ್ಯಾಕ್ರೋಫೇಜ್‌ಗಳ ಜಾಗಕ್ಕೆ ಪಡೆದವರ ಕೋಶಗಳು ಬರುವುದನ್ನು 1980ರ ದಶಕದಿಂದಲೂ ವೈದ್ಯರು ನೋಡಿದ್ದಾರೆ.

ನೆರೆಹೊರೆಯ ಪಂಥ

ಜಾಗ ಎಂದರೇನು ಎಂಬ ಪ್ರಶ್ನೆಗೆ 2019ರಲ್ಲಿ ಗೆಂಟ್ ತಂಡವೂ ಅಮೆರಿಕದ ಕ್ರಿಸ್ಟೋಫರ್ ಗ್ಲಾಸ್ ಅವರ ತಂಡವೂ ಉತ್ತರ ಹುಡುಕಿದವು. ನಾಳದ ಒಳಗೋಡೆ ಕೋಶ, ನಕ್ಷತ್ರ ಕೋಶ, ಯಕೃತ್ಕೋಶ ಹೀಗೆ ನೆರೆಯವರೆಲ್ಲ ಸೇರಿ ಹೊಸದಾಗಿ ಬಂದ ಮೊನೊಸೈಟ್‌ಗೆ ಸಂಕೇತಗಳನ್ನು ಕೊಟ್ಟು ಅದನ್ನು ಕುಪ್ಫರ್ ಕೋಶವಾಗಿಸುತ್ತಾರೆ. ಒಳಗೋಡೆಯಿಂದ ನಾಚ್ ಎಂಬ ಸಂಕೇತ, ಅದಕ್ಕೆ ಜೊತೆಯಾಗಿ ಟಿಜಿಎಫ್-ಬೀಟಾ ಕುಟುಂಬದ ಪ್ರೋಟೀನುಗಳು. ಈ ಕೋಶವನ್ನು ಹೊರತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಅದು ಬೇಗನೆ ತನ್ನ ಗುರುತು ಕಳೆದುಕೊಳ್ಳುತ್ತದೆ ಎಂಬ ಹಳೆಯ ತೊಡಕೂ ಇದರಿಂದ ಅರ್ಥವಾಗುತ್ತದೆ.

ನೆಲೆ ಎಂಬುದು ಯಕೃತ್ತಿನೊಳಗೂ ಎಲ್ಲೆಡೆ ಒಂದೇ ಅಲ್ಲ. ರಕ್ತ ಯಕೃತ್ತಿನ ಪ್ರತಿ ಕಿರುಘಟಕವನ್ನು ಅಂಚಿನ ಪೋರ್ಟಲ್ ಕಡೆಯಿಂದ ಹೊಕ್ಕು ನಡುವಿನ ಅಭಿಧಮನಿಯತ್ತ ಹರಿಯುತ್ತದೆ. 2021ರಲ್ಲಿ ರೊನಾಲ್ಡ್ ಜರ್ಮೇನ್ ಅವರ ತಂಡ ಇಲಿಗಳಲ್ಲಿ ತೋರಿಸಿದ ಪ್ರಕಾರ ಕುಪ್ಫರ್ ಕೋಶಗಳು ರಕ್ತ ಹೊಕ್ಕುವ ಅಂಚಿನಲ್ಲೇ ದಟ್ಟವಾಗಿವೆ, ಮತ್ತು ಅವನ್ನು ಅಲ್ಲಿ ನಿಲ್ಲಿಸುವುದು ಕರುಳಿನ ಬ್ಯಾಕ್ಟೀರಿಯಾಗಳಿಂದ ಬರುವ ಸಂಕೇತ. ಆ ಸಂಕೇತವನ್ನು ನಾಳದ ಒಳಗೋಡೆ ಓದಿಕೊಂಡು ಕಾವಲನ್ನು ಹೊಂದಿಸುತ್ತದೆ. ಈ ವಿನ್ಯಾಸ ಕೆಡಿಸಿದ ಇಲಿಗಳಲ್ಲಿ ರಕ್ತದಿಂದ ಬಂದ ಬ್ಯಾಕ್ಟೀರಿಯಾ ಹೆಚ್ಚು ಹರಡಿದವು. 2024ರಲ್ಲಿ ಜಪಾನಿನ ತಂಡವೊಂದು ಅದೇ ಅಂಚಿನಲ್ಲಿ ಉರಿಯೂತವನ್ನು ತಣಿಸುವ ಕುಪ್ಫರ್ ಕೋಶಗಳನ್ನು ಗುರುತಿಸಿತು. ಅಂದರೆ ಅತಿ ಹೆಚ್ಚು ಬ್ಯಾಕ್ಟೀರಿಯಾ ಬರುವ ಜಾಗದಲ್ಲೇ ಹಿಡಿಯುವ ಕೆಲಸವೂ ತಣಿಸುವ ಕೆಲಸವೂ ಒಟ್ಟಿಗಿವೆ. ಈ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಸುಂದರವೆನಿಸಿದ ಶೋಧ ಇದು: ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಯಕೃತ್ತಿನ ಕಾವಲಿನ ನಕ್ಷೆಯನ್ನೇ ಬರೆಯುತ್ತಿವೆ.

ಲಿಂಫೋಸೈಟುಗಳು: ಇಲಿ ಬೇರೆ, ಮನುಷ್ಯ ಬೇರೆ

ಮ್ಯಾಕ್ರೋಫೇಜ್‌ಗಳ ಮಾತು ಮುಗಿಸಿ ಲಿಂಫೋಸೈಟುಗಳತ್ತ ಬಂದರೆ ಯಕೃತ್ತಿನ ವೈಶಿಷ್ಟ್ಯ ಇನ್ನಷ್ಟು ಎದ್ದು ಕಾಣುತ್ತದೆ. ರಕ್ತದ ಲಿಂಫೋಸೈಟುಗಳಲ್ಲಿ ಎನ್‌ಕೆ ಕೋಶಗಳ ಪಾಲು ಚಿಕ್ಕದು. ಮನುಷ್ಯರ ಯಕೃತ್ತಿನಲ್ಲಿ ಅದು ಮೂರನೆಯ ಒಂದು ಭಾಗವನ್ನು ಮುಟ್ಟುತ್ತದೆ, ಕೆಲವೊಮ್ಮೆ ಅರ್ಧದವರೆಗೂ ಹೋಗುತ್ತದೆ. ಇವುಗಳಲ್ಲಿ ಒಂದು ವರ್ಗ ಯಕೃತ್ತನ್ನು ಬಿಟ್ಟು ಹೊರಡುವುದೇ ಇಲ್ಲ. ಕಸಿ ಮಾಡಿದ ಯಕೃತ್ತಿನಲ್ಲಿ ದಾನಿಯ ಎನ್‌ಕೆ ಕೋಶಗಳು 13 ವರ್ಷಗಳ ನಂತರವೂ ಸಿಕ್ಕಿವೆ. ದಾನಿಯ ಟಿ ಕೋಶಗಳೂ ಹೀಗೆ ದಶಕದವರೆಗೆ ಉಳಿಯುತ್ತವೆ. ಹಿಂದೆ ಕಂಡ ಶತ್ರುವಿನ ನೆನಪಿಟ್ಟುಕೊಂಡು ಅಂಗದಲ್ಲೇ ಬೀಡುಬಿಟ್ಟ ಇಂಥ ಟಿ ಕೋಶಗಳನ್ನು ಮಲೇರಿಯಾ ಲಸಿಕೆಯ ಸಂಶೋಧಕರು ಆಸೆಯಿಂದ ನೋಡುತ್ತಿದ್ದಾರೆ, ಏಕೆಂದರೆ ಸೊಳ್ಳೆ ಕಚ್ಚಿದ ಮೇಲೆ ಮಲೇರಿಯಾ ಪರಾವಲಂಬಿ ಮೊದಲು ಬೆಳೆಯುವುದು ಯಕೃತ್ತಿನಲ್ಲೇ.

ಕಷ್ಟ ಇರುವುದು ಇಲ್ಲಿ. ಇಲಿಯ ಯಕೃತ್ತಿನ ಲಿಂಫೋಸೈಟುಗಳಲ್ಲಿ ದೊಡ್ಡ ಪಾಲು ಐಎನ್‌ಕೆಟಿ ಎಂಬ ಕೋಶಗಳದು. ಅವು ಸೈನುಸಾಯ್ಡ್‌ಗಳೊಳಗೆ ಗಸ್ತು ತಿರುಗುವುದನ್ನು 2005ರಲ್ಲಿ ಜೀವಂತ ಇಲಿಯಲ್ಲೇ ಚಿತ್ರೀಕರಿಸಿದರು. ಮನುಷ್ಯರ ಯಕೃತ್ತಿನಲ್ಲಿ ಇವು ನೂರಕ್ಕೆ ಒಂದೂ ಇರುವುದಿಲ್ಲ. ಮನುಷ್ಯರಲ್ಲಿ ಆ ಜಾಗ ಹಿಡಿದಂತೆ ಕಾಣುವುದು ಮೇಟ್ ಕೋಶಗಳು: ಯಕೃತ್ತಿನ ಟಿ ಕೋಶಗಳಲ್ಲಿ ಶೇ 20ರಿಂದ 50ರಷ್ಟು. ಬ್ಯಾಕ್ಟೀರಿಯಾಗಳು ಬಿ ವಿಟಮಿನ್ ತಯಾರಿಸುವಾಗ ಹೊರಬೀಳುವ ಅಣುಗಳನ್ನು ಅವು ಗುರುತಿಸುತ್ತವೆ ಎಂದು 2012ರಲ್ಲಿ ಆಸ್ಟ್ರೇಲಿಯಾದಲ್ಲಿ ಕಂಡುಕೊಂಡರು. ಪ್ರಯೋಗಾಲಯದ ಇಲಿಗಳಲ್ಲಿ ಇವು ಬಲು ವಿರಳ. ಪ್ರತಿರಕ್ಷಾ ಪ್ರಯೋಗಗಳ ಬಹುಪಾಲು ಇಲಿಗಳ ಮೇಲೆ ನಡೆದಿದ್ದು, ಇಲಿಯ ಸೈನ್ಯದ ರಚನೆಯೇ ಬೇರೆಯಾಗಿದ್ದರೆ, ನಾವು ಕಲಿತದ್ದರಲ್ಲಿ ಎಷ್ಟನ್ನು ರೋಗಿಯ ಹಾಸಿಗೆಯ ಬಳಿಗೆ ಒಯ್ಯಬಹುದು? ಈ ಪ್ರಶ್ನೆಯನ್ನು ಅಡಿಟಿಪ್ಪಣಿಗೆ ತಳ್ಳುವ ರೂಢಿ ಸರಿಯಲ್ಲ.

ಸಹನೆ ಯಾರ ಕೆಲಸ?

ಕೇಂಬ್ರಿಜ್‌ನ ಶಸ್ತ್ರವೈದ್ಯ ರಾಯ್ ಕ್ಯಾಲ್ನ್ 1969ರಲ್ಲಿ ಹಂದಿಗಳಲ್ಲಿ ವಿಚಿತ್ರವೊಂದನ್ನು ವರದಿ ಮಾಡಿದರು. ಬೇರೆ ಹಂದಿಯ ಯಕೃತ್ತನ್ನು ಕಸಿ ಮಾಡಿದರೆ, ಪ್ರತಿರಕ್ಷೆ ಅಡಗಿಸುವ ಔಷಧಿ ಇಲ್ಲದೆಯೂ ಹಲವು ಹಂದಿಗಳು ಅದನ್ನು ಒಪ್ಪಿಕೊಂಡು ಬದುಕಿದವು. ಮೂತ್ರಪಿಂಡ ಹಾಗೆ ಉಳಿಯುವುದಿಲ್ಲ; ಆದರೆ ಅದೇ ದಾನಿಯ ಯಕೃತ್ತಿನ ಜೊತೆ ಕೊಟ್ಟರೆ ಉಳಿಯುವುದುಂಟು. ಎರಡು ವರ್ಷ ಮೊದಲು, 1967ರಲ್ಲಿ, ಕ್ಯಾಂಟರ್ ಮತ್ತು ಡ್ಯೂಮಾಂಟ್ ಎಂಬ ಸಂಶೋಧಕರು ಇನ್ನೊಂದು ಸುಳಿವು ಕೊಟ್ಟಿದ್ದರು: ಬಾಯಿಯ ಮೂಲಕ ಹೋದ ರಾಸಾಯನಿಕಕ್ಕೆ ದೇಹ ಬೆಳೆಸಿಕೊಳ್ಳುವ ಸಹನೆ, ಪೋರ್ಟಲ್ ರಕ್ತ ಯಕೃತ್ತಿಗೆ ಹೋಗದಂತೆ ತಿರುಗಿಸಿದ ಪ್ರಾಣಿಗಳಲ್ಲಿ ಬೆಳೆಯುವುದಿಲ್ಲ. ಸಹನೆಯನ್ನು ಯಕೃತ್ತು ಕಲಿಸುತ್ತದೆ ಎಂಬುದು ಹೀಗೆ ಖಚಿತವಾಯಿತು. ಕಲಿಸುವ ಕೋಶ ಯಾವುದು ಎಂಬಲ್ಲಿ ಪಂಥಗಳು ಒಡೆದವು.

ಕಸಿಯ ಮೊದಲಿಗರಾದ ಥಾಮಸ್ ಸ್ಟಾರ್ಜ್ಲ್ 1992ರಲ್ಲಿ, ದಾನಿಯ ಯಕೃತ್ತಿನೊಂದಿಗೆ ಬರುವ ಬಿಳಿ ರಕ್ತಕೋಶಗಳು ಪಡೆದವರ ಮೈಯೆಲ್ಲ ಹರಡಿ ನೆಲೆಸುವುದರಿಂದ ಸಹನೆ ಮೂಡುತ್ತದೆ ಎಂದರು. ಅಂಥ ಕೋಶಗಳು ಇರುವುದು ನಿಜ. ಅವು ಸಹನೆಗೆ ಕಾರಣವೋ ಪರಿಣಾಮವೋ ಎಂಬುದು ಬಗೆಹರಿಯಲಿಲ್ಲ. ನಿಕೊಲಸ್ ಕ್ರಿಸ್ಪ್ ಮತ್ತು ಸಂಗಡಿಗರದು ‘ಸ್ಮಶಾನ’ ವಾದ: ಬೇರೆಡೆ ಕೆರಳಿದ ಸಿಡಿ8 ಎಂಬ ಕೊಲ್ಲುವ ಬಗೆಯ ಟಿ ಕೋಶಗಳು ಯಕೃತ್ತಿಗೆ ಬಂದು ಸಿಕ್ಕಿಬಿದ್ದು ಸಾಯುತ್ತವೆ. ಸಿಡ್ನಿಯ ಬರ್ಟೊಲಿನೊ, ಬೋವೆನ್ ಗುಂಪು ಇದನ್ನು ತಿರುಗಿಸಿ ಕೇಳಿತು. 2004ರ ಅವರ ಇಲಿ ಪ್ರಯೋಗದಲ್ಲಿ ದುಗ್ಧಗ್ರಂಥಿಯಲ್ಲಿ ಮೊದಲ ಪಾಠ ಕಲಿತ ಟಿ ಕೋಶ ಯಕೃತ್ತಿಗೆ ಹಾನಿ ಮಾಡಿತು. ಯಕೃತ್ತಿನಲ್ಲೇ ಮೊದಲ ಪಾಠ ಕಲಿತದ್ದು ಸೊರಗಿತು. ಅದೇ ನಗರದ ತಂಡ 2011ರಲ್ಲಿ, ಯಕೃತ್ಕೋಶವೇ ಟಿ ಕೋಶವನ್ನು ತನ್ನೊಳಗೆ ಎಳೆದುಕೊಂಡು ಕರಗಿಸುವುದನ್ನೂ ತೋರಿಸಿತು. ಜರ್ಮನಿಯ ಪರ್ಸಿ ಕ್ನೋಲೆ, ಆಂಡ್ರೆಯಾಸ್ ಲಿಮ್ಮರ್ 2000ದಲ್ಲಿ ನಾಳದ ಒಳಗೋಡೆ ಕೋಶವನ್ನೇ ಮುಂದಿಟ್ಟರು: ಅದು ರಕ್ತದಿಂದ ಅನ್ಯ ಪ್ರೋಟೀನನ್ನು ಹೀರಿ ಟಿ ಕೋಶಕ್ಕೆ ತೋರಿಸುತ್ತದೆ, ಆದರೆ ಕೆರಳಿಸುವ ಬದಲು ಸುಮ್ಮನಾಗಿಸುತ್ತದೆ.

ಈ ವಾದಗಳಲ್ಲಿ ಸ್ಮಶಾನ ವಾದ ನನಗೆ ಅತಿ ದುರ್ಬಲವಾಗಿ ಕಾಣುತ್ತದೆ. ದಶಕದವರೆಗೆ ಬದುಕುವ ಟಿ ಕೋಶಗಳು ಅದೇ ಯಕೃತ್ತಿನಲ್ಲಿರುವಾಗ, ಅಲ್ಲಿಗೆ ಬಂದದ್ದೆಲ್ಲ ಸಾಯಲಿಕ್ಕೇ ಬಂದದ್ದು ಎನ್ನಲಾಗದು. ಮೊದಲ ಪಾಠ ಎಲ್ಲಿ ಎಂಬ ಪ್ರಶ್ನೆ ಹೆಚ್ಚು ಫಲ ಕೊಟ್ಟಿದೆ. ಮನುಷ್ಯರಲ್ಲಿ ಸಹನೆ ಹಂದಿಗಳಷ್ಟು ಸಲೀಸಲ್ಲ. 2013ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಕಸಿಯ ನಂತರ ವರ್ಷಗಟ್ಟಲೆ ಚೆನ್ನಾಗಿದ್ದ ಸುಮಾರು 100 ಮಂದಿಗೆ ಔಷಧಿಯನ್ನು ಹಂತಹಂತವಾಗಿ ನಿಲ್ಲಿಸಿ ನೋಡಿದರು. 41 ಮಂದಿಗೆ ಅದು ಒಗ್ಗಿತು. ಕಸಿಯಾಗಿ ಹೆಚ್ಚು ವರ್ಷ ಕಳೆದವರಲ್ಲೇ ಯಶಸ್ಸು ಹೆಚ್ಚು.

ರೋಗ ಬಂದಾಗ

ಹೆಪಟೈಟಿಸ್ ಬಿ ಗೆ ಮರಳೋಣ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ ಭಾರತದಲ್ಲಿ ಸುಮಾರು 3 ಕೋಟಿ ಮಂದಿ ಈ ವೈರಸ್ ಹೊತ್ತಿದ್ದಾರೆ, ಹಾಗಾಗಿ ಇದು ನಮ್ಮ ಮನೆಯ ಮಾತು. ವಯಸ್ಕರು ಇದನ್ನು ಗೆಲ್ಲುವ ಬಗೆಯನ್ನು ಗೈಡೊಟ್ಟಿ ಮತ್ತು ಚಿಸಾರಿ ಎಂಬ ಸಂಶೋಧಕರು 1996ರಿಂದ ಬಿಡಿಸಿಟ್ಟರು. ತೀವ್ರ ಸೋಂಕಿನಲ್ಲಿ ಬಹುಪಾಲು ಯಕೃತ್ಕೋಶಗಳಲ್ಲಿ ವೈರಸ್ ಇರಬಹುದು; ಅವೆಲ್ಲವನ್ನೂ ಕೊಂದರೆ ರೋಗಿಯೇ ಸಾಯಬೇಕು. ಟಿ ಕೋಶಗಳು ಕೆಲವನ್ನಷ್ಟೇ ಕೊಂದು, ಇಂಟರ್‌ಫೆರಾನ್ ಗಾಮಾ, ಟಿಎನ್‌ಎಫ್ ಎಂಬ ಪ್ರೋಟೀನುಗಳನ್ನು ಸುರಿದು ಉಳಿದ ಕೋಶಗಳೊಳಗಿನ ವೈರಸ್ಸನ್ನು ಕೋಶ ಸಾಯದಂತೆಯೇ ಅಡಗಿಸುತ್ತವೆ.

ಕೂಸಿನಲ್ಲಿ ಇದು ಯಾಕೆ ನಡೆಯುವುದಿಲ್ಲ? ತಾಯಿಯಿಂದ ದಾಟಿದ ವೈರಸ್ ಪ್ರೋಟೀನು ಮರಿಯ ಕುಪ್ಫರ್ ಕೋಶಗಳನ್ನು ಮೊದಲೇ ಪಳಗಿಸಿ ಸುಮ್ಮನಾಗಿಸುತ್ತದೆ ಎಂದು ಇಲಿ ಪ್ರಯೋಗವೊಂದು ಹೇಳಿತು. ಕರುಳಿನ ಬ್ಯಾಕ್ಟೀರಿಯಾಗಳು ಇನ್ನೂ ಬಲಿತಿಲ್ಲದಿರುವುದೇ ಕಾರಣ ಎಂದು 2015ರಲ್ಲಿ ತೈವಾನಿನ ತಂಡ ಹೇಳಿತು. ಪ್ರಾಯದ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಔಷಧಿಯಿಂದ ನಾಶ ಮಾಡಿದರೆ ಅವೂ ವೈರಸ್ಸನ್ನು ಹೊರಹಾಕಲಾರವು. ಟಿ ಕೋಶಗಳಿಗೆ ನೆರವಾಗುವ ಐಎಲ್-21 ಎಂಬ ಸಂಕೇತ ಎಳೆಯರಲ್ಲಿ ಸಾಲದು ಎಂಬುದು ಇನ್ನೊಂದು ವಿವರಣೆ. ಅದೇ 2015ರಲ್ಲಿ ಸಿಂಗಪುರದ ಆಂಟೊನಿಯೊ ಬರ್ಟೊಲೆಟ್ಟಿ ಅವರ ತಂಡ ಸೋಂಕಿತ ತಾಯಂದಿರ ಶಿಶುಗಳ ಹೊಕ್ಕುಳ ಬಳ್ಳಿಯ ರಕ್ತ ನೋಡಿ, ಆ ಕೋಶಗಳು ಸುಮ್ಮನಿಲ್ಲ, ಬದಲಿಗೆ ಹೆಚ್ಚು ಎಚ್ಚರವಾಗಿವೆ ಎಂದು ಎಲ್ಲರ ಎಣಿಕೆಗೆ ಎದುರಾದ ಮಾತು ಹೇಳಿತು. ರಕ್ತ ಎಚ್ಚರವಾಗಿದ್ದು ಯಕೃತ್ತು ಮಲಗಿರಬಹುದೇ? ಇರಬಹುದು. ಆದರೆ ಕೂಸಿನ ಯಕೃತ್ತಿನ ತುಣುಕು ತೆಗೆದು ನೋಡುವವರಾರು?

ಇನ್ನೊಂದು ದೊಡ್ಡ ರಣರಂಗ ಕೊಬ್ಬಿನ ಯಕೃತ್ತು. ಇಲಿಗಳಲ್ಲಿ ಕೊಬ್ಬು ತುಂಬಿ ಉರಿಯೂತ ಶುರುವಾದಂತೆ ಭ್ರೂಣಮೂಲದ ಕುಪ್ಫರ್ ಕೋಶಗಳು ಸಾಯುತ್ತ ಹೋಗುತ್ತವೆ, ರಕ್ತದಿಂದ ಬಂದ ಮೊನೊಸೈಟ್‌ಗಳು ಜಾಗ ತುಂಬುತ್ತವೆ. ಮನುಷ್ಯರ ಸಿರೋಸಿಸ್‌ನಲ್ಲಿ 2019ರ ಎಡಿನ್‌ಬರೊ ಅಧ್ಯಯನ ಒಂದು ಲಕ್ಷಕ್ಕೂ ಹೆಚ್ಚು ಕೋಶಗಳನ್ನು ಒಂದೊಂದಾಗಿ ಓದಿ, ಟ್ರೆಮ್-2 ಗುರುತು ಹೊತ್ತ ಮ್ಯಾಕ್ರೋಫೇಜ್‌ಗಳು ಗಾಯದ ನಾರಿನ ನಡುವೆ ಕುಳಿತಿರುವುದನ್ನು ಕಂಡಿತು. ಅವು ನಾರು ನೇಯುವ ಕೋಶಗಳನ್ನು ಪ್ರಚೋದಿಸುತ್ತವೆ ಎಂದು ಆ ತಂಡದ ವಾದ. ಇತ್ತ ಟ್ರೆಮ್-2 ಇಲ್ಲದ ಇಲಿಗಳಲ್ಲಿ ರೋಗ ಉಲ್ಬಣಿಸಿತು, ಹಾಗಾಗಿ ಅವು ಕೊಬ್ಬು, ಸತ್ತ ಕೋಶಗಳನ್ನು ತೆರವು ಮಾಡುವ ಉಪಕಾರಿಗಳು ಎಂದು ಇನ್ನೊಂದು ಪಕ್ಷ. ಎರಡೂ ನಿಜವಿರಬಹುದು, ರೋಗದ ಬೇರೆ ಬೇರೆ ಹಂತಗಳಲ್ಲಿ.

2021ರಲ್ಲಿ ಟಿ ಕೋಶಗಳ ಬಗ್ಗೆ ಬಂದ ಎರಡು ವರದಿಗಳು ಚಿಕಿತ್ಸೆಯನ್ನೇ ತಟ್ಟಿದವು. ಕೊಬ್ಬಿನ ಯಕೃತ್ತಿನ ಸಿಡಿ8 ಕೋಶಗಳು ಗುರಿ ನೋಡದೆ ಕೊಲ್ಲುವಂತಾಗುತ್ತವೆ ಎಂದು ಒಂದು; ಅಂಥ ಇಲಿಗಳಿಗೆ ಕ್ಯಾನ್ಸರಿನ ಪಿಡಿ-1 ತಡೆ ಔಷಧಿ ಕೊಟ್ಟಾಗ ಗಡ್ಡೆ ಕುಗ್ಗುವ ಬದಲು ಹೆಚ್ಚಿತು ಎಂದು ಇನ್ನೊಂದು. ಕೊಬ್ಬಿನ ಯಕೃತ್ತಿನಿಂದ ಕ್ಯಾನ್ಸರ್ ಬಂದವರಿಗೆ ಈ ಔಷಧಿಗಳು ಕಡಿಮೆ ಫಲ ಕೊಡುತ್ತವೆಯೇ ಎಂಬ ಚರ್ಚೆ ಅಲ್ಲಿಂದ ಎದ್ದಿತು. ನಂತರದ ವಿಶ್ಲೇಷಣೆಗಳು ಒಂದೇ ದಿಕ್ಕು ತೋರಿಲ್ಲ. ಯಕೃತ್ತಿನ ಸ್ವಯಂಪ್ರತಿರಕ್ಷಾ ರೋಗಗಳದು ಬೇರೆಯೇ ಪುರಾಣ, ಅದಕ್ಕೆ ಇನ್ನೊಂದು ಲೇಖನ ಬೇಕು.

ಎಣಿಸುವ ಕಷ್ಟ

2018ರಲ್ಲಿ ಟೊರಾಂಟೊ ತಂಡ ಐದು ಯಕೃತ್ತುಗಳ 8,444 ಕೋಶಗಳ ಆರ್‌ಎನ್‌ಎ ಓದಿ 20 ಗುಂಪುಗಳನ್ನು ವಿಂಗಡಿಸಿತು. ಮ್ಯಾಕ್ರೋಫೇಜ್‌ಗಳಲ್ಲೇ ಎರಡು ಬಗೆ ಕಂಡವು, ಒಂದು ಉರಿಯೂತದ್ದು, ಒಂದು ಸಹನೆಯದು. ಆ ಮೇಲೆ ನಕ್ಷೆಗಳ ಸುಗ್ಗಿ. ಆದರೆ ಒಂದು ಗುಂಪು ನಿಜವಾದ ಬಗೆಯೋ, ಕೋಶದ ಕ್ಷಣಿಕ ಸ್ಥಿತಿಯೋ, ಅಥವಾ ಕೋಶವನ್ನು ಬಿಡಿಸಿ ತೆಗೆಯುವಾಗ ಆದ ಎಡವಟ್ಟೋ? ಇದಕ್ಕೆ ತಕ್ಕ ಉದಾಹರಣೆ ಕೆಸಿ2. 2021ರಲ್ಲಿ ಕುಪ್ಫರ್ ಕೋಶಗಳಲ್ಲಿ ಕೆಸಿ1, ಕೆಸಿ2 ಎಂಬ ಎರಡು ಬಗೆಗಳಿವೆ, ಎರಡನೆಯದಕ್ಕೆ ಬೊಜ್ಜಿನಲ್ಲೂ ಹೆಪಟೈಟಿಸ್‌ನಲ್ಲೂ ವಿಶೇಷ ಪಾತ್ರವಿದೆ ಎಂದು ಎರಡು ತಂಡಗಳು ಬರೆದವು. ಮರುವರ್ಷವೇ ಮ್ಯಾಕ್ರೋಫೇಜ್ ಸಂಶೋಧಕ ಡೇವಿಡ್ ಹ್ಯೂಮ್ ಮತ್ತಿತರರು ತಕರಾರು ತೆಗೆದರು: ಕೆಸಿ2ರಲ್ಲಿ ಕಾಣುವ ಜೀನುಗಳು ನಾಳದ ಒಳಗೋಡೆ ಕೋಶಗಳವು, ಯಕೃತ್ತಿನ ತುಂಡನ್ನು ಕಿಣ್ವದಿಂದ ಕರಗಿಸುವಾಗ ಎರಡು ಕೋಶಗಳು ಅಂಟಿಕೊಂಡು ಒಂದೆಂದು ಎಣಿಕೆಗೆ ಸಿಕ್ಕಿವೆ. ಅದೇ ಕಾಲದಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಅಂಗಾಂಶದಿಂದ ಬಿಡಿಸುವಾಗ ಮ್ಯಾಕ್ರೋಫೇಜ್‌ಗಳು ಚೂರಾಗಿ ಆ ಚೂರುಗಳು ಬೇರೆ ಕೋಶಗಳಿಗೆ ಮೆತ್ತಿಕೊಳ್ಳುವುದೂ ಕಂಡಿತು. ಕೆಸಿ2 ಪರ ಇರುವವರು ಸೋಲೊಪ್ಪಿಲ್ಲ. ಕೋಶವನ್ನು ಅದರ ಜಾಗದಲ್ಲೇ ಇಟ್ಟು ಓದುವ ವಿಧಾನಗಳು, 2022ರ ಗೆಂಟ್ ನಕ್ಷೆಯಂಥವು, ಈ ಬಗೆಯ ತಕರಾರಿಗೆ ಸರಿಯಾದ ಪಂಚಾಯ್ತಿ ಎಂದು ನನಗನಿಸುತ್ತದೆ.

ಇನ್ನೂ ತೀರದದ್ದು

ಹುಟ್ಟು ಮತ್ತು ನೆಲೆಯ ಜಗಳದಲ್ಲಿ ನೆಲೆಯ ಪಕ್ಷ ಮುಂದಿದೆ, ಗೆದ್ದಿಲ್ಲ. ಮೊನೊಸೈಟ್ ಮೂಲದ ಕುಪ್ಫರ್ ಕೋಶ ಹಳೆಯದಕ್ಕೆ ಪೂರ್ಣ ಸಮವೇ, ಅಥವಾ ಕೊಬ್ಬಿನ ಯಕೃತ್ತಿನಲ್ಲಿ ಹುಟ್ಟಿದ ಅದು ಆ ಉರಿಯೂತದ ಗುರುತನ್ನು ರೋಗಿ ತೂಕ ಇಳಿಸಿದ ಮೇಲೂ ಹೊತ್ತಿರುತ್ತದೆಯೇ ಎಂಬುದು ತೆರೆದ ಪ್ರಶ್ನೆ. ಟ್ರೆಮ್-2 ಕೋಶವನ್ನು ಔಷಧಿಯಿಂದ ಉತ್ತೇಜಿಸಬೇಕೋ ತಡೆಯಬೇಕೋ ಎಂಬುದು ಇದರ ಉತ್ತರವನ್ನೂ ಅವಲಂಬಿಸಿದೆ. ಕಸಿ ಪಡೆದವರಲ್ಲಿ ಯಾರು ಔಷಧಿ ಬಿಡಬಹುದು ಎಂದು ಮೊದಲೇ ಹೇಳಬಲ್ಲ, ಎಲ್ಲ ಆಸ್ಪತ್ರೆಗಳೂ ನೆಚ್ಚುವ ಪರೀಕ್ಷೆ ಬಂದಿಲ್ಲ. ಮೇಟ್ ಕೋಶಗಳು ದೀರ್ಘ ಯಕೃತ್ ರೋಗಗಳಲ್ಲಿ ಕಡಿಮೆಯಾಗುತ್ತವೆ; ಅವು ರೋಗ ತಡೆಯುತ್ತಿದ್ದವೋ ಬೆಳೆಸುತ್ತಿದ್ದವೋ ತಿಳಿದಿಲ್ಲ, ಇಲಿಯಿಂದ ತಿಳಿಯುವುದೂ ಕಷ್ಟ.

ನಮಗೆ ಹತ್ತಿರದ ಪ್ರಶ್ನೆಯೊಂದಿದೆ. ಮೊದಲ ಕೋಶನಕ್ಷೆಗಳು ರೂಪುಗೊಂಡದ್ದು ಟೊರಾಂಟೊ, ಫ್ರೈಬರ್ಗ್, ಎಡಿನ್‌ಬರೊ, ಗೆಂಟ್‌ಗಳಲ್ಲಿ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಕೊಬ್ಬಿನ ಯಕೃತ್ತು ಇದ್ದವರಲ್ಲಿ ಮುಕ್ಕಾಲು ಪಾಲಿನ ಮಂದಿಯ ಬಿಎಂಐ 25ಕ್ಕಿಂತ ಕಡಿಮೆಯಿತ್ತು. ಬೊಜ್ಜಿಲ್ಲದವರ ಈ ಕೊಬ್ಬಿನ ಯಕೃತ್ತಿನಲ್ಲೂ ಕುಪ್ಫರ್ ಕೋಶಗಳು ಅದೇ ರೀತಿ ಸಾಯುತ್ತವೆಯೇ, ಅದೇ ಟಿ ಕೋಶಗಳು ತಿರುಗಿಬೀಳುತ್ತವೆಯೇ, ಅಥವಾ ಬೇರೆ ಆಹಾರ, ಬೇರೆ ಕರುಳಿನ ಬ್ಯಾಕ್ಟೀರಿಯಾ ಬೇರೆಯೇ ಕಾವಲನ್ನು ನಿಲ್ಲಿಸಿವೆಯೇ ಎಂಬುದನ್ನು ಇಲ್ಲಿನ ಯಕೃತ್ತುಗಳನ್ನೇ ಕೋಶಕೋಶವಾಗಿ ಓದಿ ಕಂಡುಕೊಳ್ಳಬೇಕಿದೆ.